ಕಿವಿಗಂಟಿದ ಹೆಗಲು

ಡಿಪೋದವರಿಗೆಲ್ಲ ಅವನು ಡ್ರೈವರ್ ಮಾಮ. ಇಳಿಜಾರಿನಲ್ಲಿ ಬ್ರೇಕು ಕೈಕೊಟ್ಟಾಗ ತುಂಬಿದ ಬಸ್ಸನ್ನು ರಸ್ತೆಬದಿಯ ಮರಳುಗುಡ್ಡೆಗೆ ನುಗ್ಗಿಸಿ ನಿಲ್ಲಿಸಿದ್ದ. ಒಳಗಿದ್ದವರಿಗೆ ತರಚುಗಾಯಕ್ಕಿಂತ ಹೆಚ್ಚೇನೂ ಆಗಲಿಲ್ಲ. ಊರೆಲ್ಲ ಹೊಗಳಿತು. ಆದರೆ ಅಂದು ಕಿವಿಯ ತನಕ ಏರಿದ ಅವನ ಹೆಗಲು ಮಾತ್ರ ಕೆಳಗಿಳಿಯಲೇ ಇಲ್ಲ. ಕುಕ್ಕರ್ ಸೀಟಿ ಹೊಡೆದರೆ ಸಾಕು, ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು. ಊಟದ ಮೇಜಿನ ಕೆಳಗೆ ಆ ಜಾಗದಲ್ಲಿ ಹೆಂಡತಿಯ ಪಾದ ಇರುತ್ತಿದ್ದುದು ಅವಳ ಗ್ರಹಚಾರ. ಬಸ್ಸಿನ ಮಾತಿರಲಿ, ಮನೆಯ ಮೆಟ್ಟಿಲು ಇಳಿಯುವಾಗಲೂ ಮಾಮ ಕಂಬಿ ಬಿಡುತ್ತಿರಲಿಲ್ಲ.

ವಾರವಾರ ಅವನ ಜೊತೆ ಮಾತಾಡುತ್ತಿದ್ದ ಮನೋವೈದ್ಯೆ, "ಮಾತಿನ ಜೊತೆ ಮಸಾಜೂ ಇರಲಿ. ನಿಮ್ಮ ಮೈ ಇನ್ನೂ ಆ ಬಸ್ಸಿಂದ ಇಳಿದಿಲ್ಲ," ಎಂದರು.

"ಮಸಾಜಾ? ನನಗೆ ಕಚಗುಳಿ ಜಾಸ್ತಿ," ಎಂದ ಮಾಮ.

"ನಗ್ತಾನಾದ್ರೂ ಇಳೀರಿ, ನಡೀರಿ," ಎಂದು ಹೆಂಡತಿ ಕೈಹಿಡಿದು ಕರೆದೊಯ್ದಳು.

ಮಸಾಜಿನವನು ಮೆಲುಮಾತಿನ ಮನುಷ್ಯ. "ಅಂಗಿ ಬಿಚ್ಚೋದೇನೂ ಬೇಡ ಅಣ್ಣ. ಎಲ್ಲಿ ಮುಟ್ತೀನಿ ಅಂತ ಮೊದಲೇ ಹೇಳ್ತೀನಿ. ನಿಲ್ಸು ಅಂದ ತಕ್ಷಣ ನಿಲ್ಲಿಸ್ತೀನಿ."

ಮಾಮ ಬೋರಲು ಮಲಗಿ, ಮಸಾಜಿನ ಮಂಚದಲ್ಲಿ ಮುಖಕ್ಕೆಂದೇ ಕೊರೆದಿದ್ದ ತೂತಿನೊಳಗೆ ಮುಖವಿಟ್ಟ. ಕಂಡದ್ದು ಮಸಾಜಿನವನ ಕಾಲುಚೀಲ, ಅದೂ ಒಂದು ಕರಿದು, ಒಂದು ನೀಲಿ. ದಡಬಡಿಸಿ ಎದ್ದು ಕೂತ. "ಆಗಲ್ಲಪ್ಪ. ಮುಂದೆ ದಾರಿ ಕಾಣ್ತಿಲ್ಲ."

ಮಸಾಜಿನವನು ನಗಲಿಲ್ಲ. ಕಿಟಕಿಗೆ ಎದುರಾಗಿ ಕುರ್ಚಿ ಹಾಕಿಕೊಟ್ಟ. ಹೆಗಲ ಮೇಲೆ ಅಂಗೈ ಇಟ್ಟದ್ದೇ ತಡ, "ನಿಲ್ಸು," ಎಂದ ಮಾಮ. ಕೈ ಎದ್ದಿತು. "ಹೂಂ, ಈಗ ಇಡು." ಇಟ್ಟ. "ನಿಲ್ಸು." ಎದ್ದಿತು. ಇದೇ ನಡೆಯಿತು ಬಹಳ ಹೊತ್ತು. ಹೊರಗೆ ಕೂತಿದ್ದ ಹೆಂಡತಿಗೆ, ಒಳಗೆ ಯಾರೋ ಲಾರಿ ರಿವರ್ಸ್ ತೆಗೆಸುತ್ತಿದ್ದಾರೇನೋ ಅನ್ನಿಸಿತು.

ಕೊನೆಗೆ ಮಾಮನಿಗೇ ಸಂಕೋಚವಾಯಿತು. "ಬೇಜಾರಾಗಲ್ವಾ ನಿನಗೆ? ಹೀಗಾದ್ರೆ ಕೆಲಸ ಶುರುವಾಗೋದು ಯಾವಾಗ?"

"ಇದೂ ಕೆಲಸಾನೇ ಅಣ್ಣ. ಎಷ್ಟು ಸಲ ಬೇಕಾದ್ರೂ ಹೇಳಿ, ನಿಲ್ಲಿಸ್ತೀನಿ."

ಮಾಮ ಕಿಟಕಿಯಾಚೆ ನೋಡುತ್ತ ಹೇಳಿದ, "ಅವತ್ತು ನಾನು ಒತ್ತಿದೆ. ಒತ್ತಿದ್ದೇ ಒತ್ತಿದ್ದು. ಅದು ನಿಲ್ಲಲಿಲ್ಲ."

ಮಸಾಜಿನವನು ಮತ್ತೆ ಹೆಗಲ ಮೇಲೆ ಕೈ ಇಟ್ಟ. ಈ ಸಲ ಮಾಮ ನಿಲ್ಸು ಅನ್ನಲಿಲ್ಲ. ಕಣ್ಣು ಒದ್ದೆಯಾಯಿತು. ಅದರ ಬೆನ್ನಿಗೇ ಕಚಗುಳಿಯೂ ಶುರುವಾಗಿ, ಅಳುತ್ತಲೇ ಹಿಹಿಹಿ ಎಂದು ನಕ್ಕ.

ಒಂದೇ ದಿನಕ್ಕೆ ಎಲ್ಲ ಸರಿಹೋಗಲಿಲ್ಲ. ವಾರಗಳು ಉರುಳಿದಂತೆ ಹೆಗಲು ಚೂರುಚೂರೇ ಇಳಿಯಿತು. "ನಿಮಗೊಂದು ಕುತ್ತಿಗೆ ಇತ್ತು ಅನ್ನೋದೇ ಮರೆತುಹೋಗಿತ್ತು ಕಣ್ರೀ," ಎಂದಳು ಹೆಂಡತಿ. ಡಿಪೋದವರು ಮೊದಲು ಅಂಗಳದಲ್ಲೇ ಖಾಲಿ ಬಸ್ಸು ಓಡಿಸಲು ಬಿಟ್ಟರು, ಆಮೇಲೆ ಗುಡ್ಡವಿಲ್ಲದ ಹತ್ತಿರದ ರೂಟು ಕೊಟ್ಟರು.

ಆ ರೂಟಿನ ಮೊದಲ ದಿನ ಮುಗಿಸಿ ಬಂದವನು ಪಾತ್ರೆ ತೊಳೆಯುತ್ತಿದ್ದ ಹೆಂಡತಿಯ ಪಕ್ಕ ನಿಂತು ಗಂಭೀರವಾಗಿ ಕೇಳಿದ, "ನಿನ್ನ ಹೆಗಲು ಮುಟ್ಟಬಹುದಾ?"

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಎರಡು ಮಕ್ಕಳಾದ ಮೇಲೆ ಕೇಳ್ತಿದ್ದೀರಲ್ಲ," ಎಂದವಳೇ ಕೈ ಒರೆಸಿಕೊಂಡು, ಕುರ್ಚಿ ಎಳೆದುಕೊಂಡು ಕೂತಳು.