ಅಚ್ಚಾಗಿ ಬಂದ ಒಪ್ಪಿಗೆ

2005ರ ಬೇಸಿಗೆ. ಮಹಾರಾಷ್ಟ್ರದ ಗಡಿಯೂರು ಬಾಲಗಾಂವದ ಅಮೋಗಸಿದ್ದನ ಮನೆಗೆ ಹೆಣ್ಣು ನೋಡಲು ಡಫಳಾಪುರದಿಂದ ಐವರು ಬಂದಿದ್ದರು. ಹುಡುಗ ವಿಜಯನೂ ಜೊತೆಗಿದ್ದ. ಮಗಳು ಮಂಗಲ ಅವಲಕ್ಕಿಯ ತಾಟು ಕೊಟ್ಟು, ತಾಯಿ ದುಂಡವ್ವನ ಪಕ್ಕದಲ್ಲಿ ಕುಳಿತಳು.

"ಕುರಿ ಎಷ್ಟ ಅದಾವ್ರಿ ಬೀಗ್ರ?" ಎಂದ ಹುಡುಗನ ತಂದೆ ಅಣ್ಣಾರಾಯ. "ನೀವು ಕುರಿ ಎಣಿಸ್ತೀರೋ, ಕುರಿನಽ ನಿಮ್ಮನ್ನ ಎಣಿಸ್ತಾವೋ?"

ಎಲ್ಲರೂ ನಕ್ಕರು. ಅಷ್ಟರಲ್ಲಿ ಟೈ ಕಟ್ಟಿದವನೊಬ್ಬ ಬಾಗಿಲಿಗೆ ಬಂದು ನಿಂತ. ಹೆಗಲಿಗೆ ಚೀಲ, ಕೈಯಲ್ಲಿ ಒಂದು ಪಟ್ಟಿ.

"ಮಂಗಲ ಅಮೋಗಸಿದ್ದ ಇವರ ಮನಿ ಇದಽ ಏನ್ರಿ? ಮೂರ್ಛಿ ಬರೂ ಪೇಶಂಟ್? ನಮ್ಮ ಕಂಪನಿ ಟಾನಿಕ್ ತಂದೀನ್ರಿ. ಮೂರ ಬಾಟ್ಲಿ ತಗೊಂಡ್ರ ಒಂದ ಫುಕಟ!"

ನಗು ನಿಂತಿತು. ಅಣ್ಣಾರಾಯ ತಾಟನ್ನು ನೆಲಕ್ಕಿಟ್ಟ. ಅರ್ಧ ಅವಲಕ್ಕಿ ಹಾಗೇ ಉಳಿದಿತ್ತು.

"ಬಸ್ಸಿನ ಯಾಳೇ ಆತ್ರಿ," ಎಂದ.

ಬಸ್ಸಿಗೆ ಇನ್ನೂ ಎರಡು ತಾಸಿತ್ತು. ವಿಜಯ ತಲೆ ಎತ್ತದೆ ಚಪ್ಪಲಿ ಮೆಟ್ಟಿಕೊಂಡ.

ಮಂಗಲಳಿಗೆ ಮೂರ್ಛೆ ಬರುತ್ತಿದ್ದುದು ನಿಜ. ಮಿರಜದ ಡಾಕ್ಟರು ಕೊಟ್ಟ ಗುಳಿಗೆಯನ್ನು ಅವಳು ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ನಾಲ್ಕು ವರ್ಷದಿಂದ ಒಮ್ಮೆಯೂ ಬಂದಿರಲಿಲ್ಲ. ಮಾತು ಪಕ್ಕಾ ಆಗುವ ಮೊದಲೇ ಹುಡುಗನಿಗೆ ತಾನೇ ಹೇಳುತ್ತೇನೆಂದು ಹಟ ಹಿಡಿದಿದ್ದಳು. ಅಂದೇ, ಹಿತ್ತಲಲ್ಲಿ, ಅವನೊಬ್ಬನಿಗೇ. ಏನು ಹೇಳಬೇಕೆಂದು ಮಾತನ್ನೂ ಜೋಡಿಸಿಟ್ಟುಕೊಂಡಿದ್ದಳು. ಆ ಮಾತನ್ನು ಯಾರೋ ಅವಳ ಬಾಯಿಂದ ಕಿತ್ತುಕೊಂಡು ಟಾನಿಕ್ ಮಾರಲು ಬಳಸಿದರು.

ಮರುದಿನ ನೆರೆಮನೆಯ ರಹಿಮಾ ಬಂದಳು. ಅವಳು ಅಂಗನವಾಡಿ ನಡೆಸುವವಳು, ಹೆಂಗಸರ ಉಳಿತಾಯ ಸಂಘವಾದ ಬಚತ ಗಟದಲ್ಲಿ ದುಂಡವ್ವನ ಗೆಳತಿ.

"ದುಂಡಕ್ಕಾ, ಮಂಗಲಾನ ಬ್ಯಾನಿ ಆ ಮನುಷ್ಯಾಗ ಹೆಂಗ ಗೊತ್ತಾತು?"

ದುಂಡವ್ವ ಟ್ರಂಕಿನಿಂದ ಒಂದು ಕಾರ್ಡು ತೆಗೆದಳು. ಮೂರು ತಿಂಗಳ ಹಿಂದೆ ಸಾಲೆಯ ಪಡಸಾಲೆಯಲ್ಲಿ ಒಂದು ಔಷಧ ಕಂಪನಿಯವರು ಜೀಪಿನಲ್ಲಿ ಬಂದು ಆರೋಗ್ಯ ತಪಾಸಣೆ ಇಟ್ಟಿದ್ದರು. ಹತ್ತು ರೂಪಾಯಿಗೆ ಆರೋಗ್ಯ ಕಾರ್ಡು. ಮನೆಯಲ್ಲಿ ಯಾರಿಗೆ ಯಾವ ಬೇನೆ ಎಂದು ಒಂದೊಂದೇ ಕೇಳಿ ಬರೆದುಕೊಂಡಿದ್ದರು.

"ಕಡೀಕ ಆ ಬರಿಯಾವ ಮರಾಠಿಯೊಳಗ ಏನೋ ಕೇಳಿದ್ನವ್ವ. ನನಗ ಬರಂಗಿಲ್ಲ, ಬರಂಗಿಲ್ಲ ಅಂದೆ."

ಕಾರ್ಡಿನ ತಳದಲ್ಲಿ ಇರುವೆ ಸಾಲಿನಂಥ ಸಣ್ಣ ಮರಾಠಿ ಅಕ್ಷರ. ರಹಿಮಾ ಕಣ್ಣು ಕಿರಿದು ಮಾಡಿ ಓದಿದಳು. "'ನನ್ನ ಮಾಹಿತಿ ಕಂಪನಿ ಯಾರಿಗೆ ಬೇಕಾದ್ರೂ ಕೊಡಬಹುದು, ಒಪ್ಪಿಗಿ ಐತಿ' ಅಂತ ಬರದಾರ. ಮುಂದ ರೈಟ್ ಗುರ್ತು."

"ನಾ ಯಾವಾಗ ಒಪ್ಪಿದ್ನೆ ಯವ್ವಾ?"

ರಹಿಮಾ ಆ ಸಾಲನ್ನು ಇನ್ನೊಮ್ಮೆ ಓದಿದಳು. "ಬರಂಗಿಲ್ಲ ಅಂದ್ರೆಲ್ಲ... ಮರಾಠಿಯೊಳಗ 'ಬರಂ' ಅಂದ್ರ 'ಆತು, ಆಗ್ಲಿ' ಅಂತ. ಅರ್ಧಾ ಮಾತ ಕೇಳಿ ಬರಕೊಂಡಾನೇನೋ."

ಅಮೋಗಸಿದ್ದ ಕಂಬಳಿ ಕೊಡವಿ ಎದ್ದ. "ಕೇಳಿದೇನ? ಹುಟ್ಟಿದಾಗಿಂದ ಮಹಾರಾಷ್ಟ್ರದಾಗ ಅದಿ, ಎರಡ ಮಾತ ಮರಾಠಿ ಕಲೀಲಿಲ್ಲ. ನಿನ್ನ ಬಾಯಿನಽ ಮಗಳ ಮದ್ವಿ ತಿಂತು!"

ದುಂಡವ್ವ ಗಂಡನಿಗೆ ಮಾತು ಬಾಕಿ ಉಳಿಸುವವಳಲ್ಲ. ಅಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಅಷ್ಟೆ.

ರಹಿಮಾ ಏನೋ ನೆನಪಾಗಿ ದಡಬಡಿಸಿ ಹೊರಗೆ ಹೋದಳು. ಮರಳಿ ಬಂದಾಗ ಕೈಯಲ್ಲಿ ಅವಳದೇ ಕಾರ್ಡಿತ್ತು.

"ದುಂಡಕ್ಕನ ಬೈಬ್ಯಾಡ್ರಿ ಮಾಮಾ. ನನಗ ಮರಾಠಿ ಚಲೋ ಬರ್ತೈತಿ. ಅಂವ ಕೇಳಿದಾಗ ಎರಡ ಸಲ 'ನಕೋ' ಅಂದೀನಿ. ಬ್ಯಾಡ ಅಂತ! ನೋಡ್ರಿ, ನನ್ನ ಕಾರ್ಡಿನ್ಯಾಗೂ ಅದಽ ರೈಟ್ ಗುರ್ತು!"

ಮಂಗಲ ಎರಡೂ ಕಾರ್ಡುಗಳನ್ನು ಇಸಿದುಕೊಂಡಳು. ಬೆರಳು ಒದ್ದೆ ಮಾಡಿ ತನ್ನ ಹೆಸರಿನ ಮೇಲೆ ತಿಕ್ಕಿದಳು. ಪೆನ್ನಿನ ಶಾಯಿ ನೀಲಿಯಾಗಿ ಹರಡಿತು. ಗುರುತಿನ ಮೇಲೆ ತಿಕ್ಕಿದಳು. ಅದು ಅಲುಗಲಿಲ್ಲ.

"ಇದು ಬರದದ್ದಲ್ಲ," ಎಂದಳು. "ಅಚ್ಚಿನ್ಯಾಗಽ ಬಂದೈತಿ."

ಬರಂಗಿಲ್ಲ ಎಂದರೂ ಒಪ್ಪಿಗೆ. ನಕೋ ಎಂದರೂ ಒಪ್ಪಿಗೆ. ದುಂಡವ್ವ ಬಾಯಿ ತೆರೆಯುವ ಮೊದಲೇ, ಕಂಪನಿಯ ಜೀಪು ಊರ ಸೀಮೆ ಮುಟ್ಟುವ ಮೊದಲೇ, ಎಲ್ಲೋ ಒಂದು ಛಾಪಖಾನೆಯಲ್ಲಿ ಈ ಊರಿನ ಒಪ್ಪಿಗೆ ಕಟ್ಟುಗಟ್ಟಲೆ ಅಚ್ಚಾಗಿತ್ತು. ಕೇಳಿದ್ದು ಬರೀ ಸೋಗು.

ಅಮೋಗಸಿದ್ದ ಹೆಂಡತಿಯ ಮುಖ ನೋಡಲಾರದೆ ಗೋಡೆಯ ಕಡೆ ತಿರುಗಿದ. "ಆತು, ತಪ್ಪ ಅವರದಽ. ಆದ್ರ ಕಂಪನಿ ಮುಂದ ನಾವ್ಯಾರ? ಕುರಿ ಕಾಯವ್ರ ಬ್ಯಾನಿ ಬರಕೊಂಡ ಅವರೇನ ಅರಮನಿ ಕಟ್ತಾರು?"

"ಕಟ್ತಾರ್ರಿ ಮಾಮಾ. ಯಾವ ಮನಿಯಾಗ ಯಾವ ಹೆದರಿಕಿ ಐತಿ ಅನ್ನೂ ಪಟ್ಟಿನಽ ಅವರ ಮಾಲು. ಹೆದರಿದವರಿಗೆ ಬಾಟ್ಲಿ ಮಾರೂದು ಕಷ್ಟ ಏನಲ್ಲ. ಸಾಂಗ್ಲಿಯೊಳಗ ಗ್ರಾಹಕ ಮಂಚ ಐತಿ, ಗಿರಾಕಿಗಳ ತಕರಾರು ಕೇಳೂ ಕೋರ್ಟು. ನೀವು ರೊಕ್ಕಾ ಕೊಟ್ಟ ಕಾರ್ಡ ತಗೊಂಡೀರಿ, ಪಾವತಿ ಚೀಟಿ ಐತಿ. ನೀವು ಗಿರಾಕಿ, ಬೇಡಾಕ ಬಂದವರಲ್ಲ. ಅರ್ಜಿ ನಾ ಬರೀತೀನಿ. ವಕೀಲ ಬೇಕಽ ಬೇಕಂತಿಲ್ಲ."

"ಸಾಂಗ್ಲಿಗೆ ಹೋದ್ರ ಇನ್ನ ನಾಲ್ಕ ಊರಿಗೆ ಗೊತ್ತಾಗ್ತೈತಿ. ಇದ್ದ ಮರ್ಯಾದಿನೂ ಹೋಗ್ತೈತಿ."

ಆಗ ಮಂಗಲ ತಂದೆಯ ಎದುರು ಬಂದು ನಿಂತಳು.

"ಬ್ಯಾನಿಗೆ ಮರ್ಯಾದಿ ಹೋಗಂಗಿಲ್ಲಪ್ಪಾ. ನನ್ನ ಕೇಳದಽ ನನ್ನ ಮಾತ ಮಾರಿದ್ರಲ್ಲ, ಹೋದ್ರ ಅವರದು ಹೋಗ್ಬೇಕು. ಆ ಹುಡುಗಗ ನಾನಽ ಹೇಳಾವಳಿದ್ದೆ. ಅದನ್ನ ಕಸಗೊಂಡ್ರು. ಸಾಂಗ್ಲಿಯೊಳಗರೇ ನಾನಽ ಹೇಳ್ತೀನಿ. ಯಾರ ಮುಂದ, ಎಷ್ಟ ಹೇಳ್ಬೇಕು ಅನ್ನೂದು ನನ್ನ ಕೈಯಾಗಿರ್ಲಿ."

ಅಮೋಗಸಿದ್ದ ಕಂಬಳಿ ಮಡಚಿ ಹೆಗಲಿಗೆ ಹಾಕಿಕೊಂಡ. ಆಮೇಲೆ ಕೇಳಿದ, "ಮುಂಜಾನಿ ಬಸ್ ಎಷ್ಟಕ್ಕ ಐತಿ?"

ಬಚತ ಗಟದ ಹೆಂಗಸರು ಹತ್ತೊಂಬತ್ತು ಕಾರ್ಡು ತಂದರು. ಹತ್ತೊಂಬತ್ತರಲ್ಲೂ ಅದೇ ಜಾಗದಲ್ಲಿ ಅದೇ ಗುರುತು. ಅರ್ಜಿಯಲ್ಲಿ ಮೊದಲ ಸಹಿ ಮಂಗಲಳದು. ದುಂಡವ್ವನ ಸರದಿ ಬಂದಾಗ ಅವಳು ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡಳು.

"ಮೊದಲ ಕನ್ನಡದಾಗ ಓದ ರಹಿಮಾ. ಪೂರಾ ಓದ. ಆಮ್ಯಾಲ ಹೆಬ್ಬಟ್ಟ."

ರಹಿಮಾ ಎರಡು ಸಲ ಓದಿದಳು. ಆಮೇಲೆ ದುಂಡವ್ವ ಬೆರಳೊತ್ತಿದಳು.

ಡಫಳಾಪುರದವರು ಮರಳಿ ಬರಲಿಲ್ಲ. ಗ್ರಾಹಕ ಮಂಚದಲ್ಲಿ ತಾರೀಖಿನ ಮೇಲೆ ತಾರೀಖು ಬೀಳುತ್ತಿದೆ. ಆ ಪಟ್ಟಿ ಎಷ್ಟು ಕೈ ದಾಟಿದೆಯೋ ಯಾರೂ ಬಲ್ಲವರಿಲ್ಲ. ಮೊನ್ನೆ ಇನ್ನೊಂದು ಕಂಪನಿಯವನು ಬಂದು ಅದೇ ಹೆಸರು ಕೂಗಿದ. ದುಂಡವ್ವ ಹೊಸ್ತಿಲಲ್ಲಿ ಅಡ್ಡ ನಿಂತಳು.

"ಈ ಹೆಸರ ಯಾರ ಕೊಟ್ರು? ಹಾಳ್ಯಾಗ ಬರದ ಕೊಟ್ಟ ಹೋಗ."

ಅವನು ಬರೆದು ಕೊಡಲಿಲ್ಲ. ಬಂದ ದಾರಿ ಹಿಡಿದ.

ಇದನ್ನು ಓದುವ, ಕೇಳುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮದ್ದು ಕೊಡುವ ಡಾಕ್ಟರಿಗೆ ನಿಮ್ಮ ಬೇನೆ ಹೇಳಿ, ಮುಚ್ಚಿಡಬೇಡಿ. ಆದರೆ ಜೀಪಿನಲ್ಲಿ ಬಂದು ಬರೆದುಕೊಳ್ಳುವವನನ್ನು ಮೊದಲು ಕೇಳಿ: ಇದು ಯಾಕೆ, ಯಾರಿಗೆ ಹೋಗುತ್ತದೆ? ನಿಮ್ಮ ಮಾತಿನಲ್ಲಿ ಓದಿ ಹೇಳದ ಕಾಗದಕ್ಕೆ ಬೆರಳು ಒತ್ತಬೇಡಿ. ಪಾವತಿ ಚೀಟಿ ಎಸೆಯಬೇಡಿ. ಮೋಸವಾದರೆ ಒಬ್ಬರೇ ಅಳುತ್ತ ಕೂರಬೇಡಿ, ಹತ್ತು ಜನ ಸೇರಿ ಗ್ರಾಹಕ ಮಂಚದ ಮೆಟ್ಟಿಲು ಹತ್ತಿ.

ನಿಮ್ಮ ಟ್ರಂಕಿನಲ್ಲೂ ಅಂಥದೊಂದು ಕಾರ್ಡು ಇದ್ದೀತು. ಇಂದೇ ತೆಗೆಯಿರಿ. ಬೆರಳು ಒದ್ದೆ ಮಾಡಿ ಒಪ್ಪಿಗೆಯ ಗುರುತಿನ ಮೇಲೆ ತಿಕ್ಕಿ ನೋಡಿ. ಅದು ಅಚ್ಚಿನಲ್ಲೇ ಬಂದಿದ್ದರೆ, ಆ ಒಪ್ಪಿಗೆ ನೀವು ಕೊಟ್ಟದ್ದಲ್ಲ.