ಕುಳಿತವರ ಗೋಪುರ

ಬಾಗಿಲೆಂದರೆ ಇಷ್ಟೇನಾ, ನಾಯಿಯೊಂದು ತಲೆ ತಗ್ಗಿಸಿ ನುಸುಳುವಷ್ಟು, ಇಷ್ಟೆತ್ತರದ ಕಲ್ಲಿನ ಗೋಪುರಕ್ಕೆ ಮೂಡಣಕ್ಕೊಂದು ಕಂಡಿ — ಗುರುಶಾಂತಪ್ಪ ಮಂಡಿಯೂರಿ ಇಣುಕಿದ, ಕತ್ತಲು, ತಣ್ಣನೆಯ ಮಣ್ಣಿನ ವಾಸನೆ, ಎದೆ ಡವಡವ, ಹನ್ನೆರಡು ಸಾವಿರ ಅಡಿಗೂ ಮೇಲಂತೆ, ಉಸಿರು ಸಾಲುತ್ತಿಲ್ಲ, ಹೋಟೆಲಿನವರು ಕೊಟ್ಟ ಕೋಕಾ ಎಲೆಯ ಚಹಾದಿಂದ ಏನೂ ಆಗಲಿಲ್ಲ, ಪೆರುವಿಗೆ ಹೋಗೋಣವೆಂದವಳು ದೊಡ್ಡ ಮಗಳು ಜಯಾ, ಹದಿನಾರು ವರ್ಷ, ಡೆಟ್ರಾಯಿಟ್ ಪಕ್ಕದ ಸೌತ್‌ಫೀಲ್ಡ್‌ನ ಹೈಸ್ಕೂಲಿನಲ್ಲಿ ಸ್ಪ್ಯಾನಿಶ್ ಕಲಿಯುತ್ತಾಳೆ, ಲೆಟ್ಸ್ ಗೋ ಸಮ್‌ವೇರ್ ಡ್ಯಾಡ್, ಎನಿವೇರ್, ಹೌದು, ಹೆಂಡತಿ ಗಂಗವ್ವ ಹೋದ ಮೇಲೆ ಎರಡು ಬೇಸಿಗೆ ಮೂವರೂ ಮೂರು ಕೋಣೆಯ ಬಾಗಿಲು ಹಾಕಿಕೊಂಡೇ ಕಳೆದದ್ದು, ಹಾಲ್‌ನಲ್ಲಿ ಟಿವಿ ತನ್ನ ಪಾಡಿಗೆ ಮಾತಾಡುತ್ತಿತ್ತು, ಸಣ್ಣವಳು ಭಾನು ಕಾರ್ನ್‌ಫ್ಲೇಕ್ಸ್ ತಿಂದು ಮಲಗುತ್ತಿದ್ದಳು — ಈಗ ನೋಡು, ಅವಳು ಚ್ಯೂಯಿಂಗ್ ಗಮ್ ಅಗಿಯುತ್ತಾ ಗುಡ್ಡದ ಕೆಳಗಿನ ಕೆರೆಯ ಫೋಟೋ ತೆಗೆಯುತ್ತಿದ್ದಾಳೆ, ಅವ್ವನ ಹಾಗೇ ಒಂದು ಕಣ್ಣು ಕಿರಿದು ಮಾಡಿಕೊಂಡು. ಗೈಡ್ ಹೇಳುತ್ತಾನೆ, ಜಯಾ ಇಂಗ್ಲಿಷಿಗೆ ತಿರುಗಿಸುತ್ತಾಳೆ, ಇಂಕಾಗಳ ಕಾಲದ ಗೋರಿಗಳಿವು ಡ್ಯಾಡ್, ದೊಡ್ಡ ಮನೆತನದವರದು, ಒಳಗೆ ಯಾರನ್ನೂ ಮಲಗಿಸುತ್ತಿರಲಿಲ್ಲವಂತೆ, ಮಾತು ಸಾಲದೆಂದು ಗೈಡ್ ತಾನೇ ನೆಲದ ಮೇಲೆ ಕೂತುಬಿಟ್ಟ, ಮೊಣಕಾಲು ಎದೆಗೆ, ಕೈ ಸುತ್ತಿ, ಗದ್ದ ಮಂಡಿಗೆ, ಹೀಗೆ, ಹೀಗೆ — ಬೇಡ ಮಾರಾಯ, ಏಳು, ಸಾಕು.

ಏಳಲಿಲ್ಲ ಅವನು. ಸವದತ್ತಿಯಲ್ಲಿ ಗುರುಶಾಂತಪ್ಪನ ಅವ್ವನನ್ನೂ ಕೂರಿಸಿಯೇ ಮಣ್ಣಿಗೆ ಒಯ್ದದ್ದು, ಹತ್ತು ವರ್ಷದ ಹಿಂದೆ, ಅರವತ್ತಾರರಲ್ಲಿ, ಅಮೆರಿಕಕ್ಕೆ ಹೊರಡುವ ವರ್ಷ, ಹಣೆ ತುಂಬ ವಿಭೂತಿ, ಎಡ ಅಂಗೈಯಲ್ಲಿ ಲಿಂಗ, ಭಜನೆಯವರ ತಾಳ, ಕುಣಿಯ ಗೋಡೆಯಲ್ಲಿ ಕೊರೆದ ಗೂಡಿನೊಳಗೆ ಅವ್ವ ಕಟ್ಟೆಯ ಮೇಲೆ ಕೂತಷ್ಟೇ ಆರಾಮಾಗಿ ಕೂತಿದ್ದಳು, ಗಂಗವ್ವ ಆರು ವರ್ಷದ ಜಯಾಳನ್ನು ಎತ್ತಿ ತೋರಿಸಿದ್ದಳು, ನೋಡವ್ವಾ, ಆಯಿ ಪೂಜಿಗೆ ಕುಂತಾಳ — ಆ ಮಗುವಿಗೆ ಅದೆಲ್ಲಿ ನೆನಪಿರಬೇಕು, ಇರಲಿಕ್ಕಿಲ್ಲ. ಅಪ್ಪಾ. ಜಯಾ ಡ್ಯಾಡ್ ಎನ್ನಲಿಲ್ಲ. ಅಪ್ಪಾ, ಆಯಿನ್ನ ಹಿಂಗ ಕುಂದರಿಸಿದ್ರಲ್ಲ, ಅವ್ವನ್ನ ಯಾಕ ಮಲಗಿಸಿದಿ?

ಕನ್ನಡದಲ್ಲಿ ಕೇಳಿದಳು, ಎಷ್ಟು ದಿನದ ಮೇಲೆ. ಫೆಬ್ರವರಿ ಇತ್ತವ್ವಾ, ನೆಲ ಹೆಪ್ಪುಗಟ್ಟಿತ್ತು, ಅಲ್ಲಿಯವರು ಒಪ್ಪುತ್ತಿರಲಿಲ್ಲ — ಎಷ್ಟು ಸಲೀಸಾಗಿ ಹೇಳಿಬಿಡಬಹುದು, ಮಗಳು ನಂಬುತ್ತಾಳೆ, ಆದರೆ ಆ ಶವಸಂಸ್ಕಾರದ ಮನೆಯ ಮುದುಕ ಪೆನ್ನು ಹಿಡಿದು ಎಷ್ಟು ಮೆತ್ತಗೆ ಕೇಳಿದ್ದ, ನಿಮ್ಮ ಧರ್ಮದಲ್ಲಿ ಏನಾದರೂ ಪದ್ಧತಿ ಇದೆಯೇ ಸರ್, ನಮ್ಮ ಕೈಲಾದದ್ದು ಮಾಡುತ್ತೇವೆ, ಆಫೀಸಿನ ಹನ್ನೆರಡು ಜನ ಹೊರಗೆ ಕಪ್ಪು ಟೈ ಕಟ್ಟಿಕೊಂಡು ನಿಂತಿದ್ದರು, ಅವರೆದುರಿಗೆ ಹೆಂಡತಿಯನ್ನು ಕೂರಿಸುವುದೆ, ಅವರು ಏನೆಂದುಕೊಂಡಾರು, ಕಾರಿನ ಬ್ರೇಕಿನ ಬಗ್ಗೆ ಆಫೀಸಿನಲ್ಲಿ ಗಂಟೆಗಟ್ಟಲೆ ಇಂಗ್ಲಿಷಿನಲ್ಲಿ ಮಾತಾಡಬಲ್ಲ ನಾಲಗೆ, ನೋ ಅಂದಿತು, ನಥಿಂಗ್ ಸ್ಪೆಷಲ್ ಅಂದಿತು.

ಕೇಳಿದ್ರವ್ವಾ ಅವರು. ನಾನಽ ಏನೂ ಬ್ಯಾಡ ಅಂದೆ. ನನಗ ನಾಚಿಕಿ ಆತು.

ಅಂದುಬಿಟ್ಟ. ಜಯಾ ಭಾನುವಿನ ಕೈ ಹಿಡಿದು ಬಸ್ಸಿನ ಕಡೆ ಇಳಿದಳು, ಗೈಡ್ ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡ, ಗಾಳಿ — ಅವಳ ಹಿಂದೆ ಹೋಗಬೇಕು, ಜಯಾ ಅಂತ ಕೂಗಬೇಕು, ನಾಳೆ ಲಿಮಾ, ಆಮೇಲೆ ಡೆಟ್ರಾಯಿಟ್, ಮನೆ, ಮೂರು ಬಾಗಿಲು, ಇಲ್ಲ, ಯೋಚನೆ ಮುಂದೆ ಹೋಗುತ್ತಿಲ್ಲ, ಪೆಟ್ಟಿಗೆ, ರೇಷ್ಮೆಯ ಒಳಪದರ, ಮುಚ್ಚುವ ಮೊದಲು ಅವನು ನೋಡಿದ್ದು ಗಂಗವ್ವನ ಮುಖವಲ್ಲ, ಕಾಲು, ನೀಟಾಗಿ ಚಾಚಿದ ಎರಡು ಕಾಲು, ಯಾರೋ ತೊಡಿಸಿದ ಬಿಳಿ ಕಾಲುಚೀಲ, ಅದರೊಳಗೆ ಉಬ್ಬಿಕೊಂಡಿದ್ದ ಕಾಲುಂಗುರ, ಬಿಳಿ ಕಾಲುಚೀಲ, ಕಾಲುಂಗುರ