ದಡಿಯ ಕೆಂಪು

ಮೆಟ್ರೊ ಹಾದುಹೋದಾಗ ಗೋಡೆಯ ಮೇಲಿನ ಬಿಸಿಲು ಒಮ್ಮೆ ಕಣ್ಣು ಮುಚ್ಚಿ ತೆರೆಯಿತು, ದಾಸರಹಳ್ಳಿಯ ಈ ಕೋಣೆಗೆ ಸೂರ್ಯನೂ ರೈಲಿಗೆ ದಾರಿ ಬಿಟ್ಟೇ ಬರಬೇಕು, ದೇವಕ್ಕನ ತೊಡೆಯ ಮೇಲೆ ಮೊಮ್ಮಗಳ ಲ್ಯಾಪ್‌ಟಾಪು ಕಾದ ಹಂಚಾಗಿದೆ, ಅದರೊಳಗೆ ಬಿಳಿ, ಬರೀ ಬಿಳಿ, ಆಸ್ಪತ್ರೆಯವರು ಕೊನೆಗೆ ಮುಖದ ತನಕ ಎಳೆದ ಹೊದಿಕೆಯಂಥ ಬಿಳಿ — ಎಲ್ಲಿ ಹೋಯಿತು, ಎಡಗಡೆ ಇತ್ತಲ್ಲ, ಮೇಲಿಂದ ಕೆಳತನಕ ಇಳಿಯುತ್ತಿದ್ದ ಸೀರೆ ಅಂಚಿನ ದಡಿಯಂಥ ಕೆಂಪು, ಈಗಷ್ಟೇ ಇತ್ತು. ರಕ್ಷಿತಾ ಪಕ್ಕದಲ್ಲಿ ಕೂತು ಒತ್ತುತ್ತಲೇ ಇದ್ದಾಳೆ, ಅಜ್ಜಿ ಏನ್ ಒತ್ತಿದೆ ನಿಜ ಹೇಳು, ನೀರಿನ ಕ್ಯಾನ್ ತರೋಕೆ ಕೆಳಗೆ ಹೋಗಿ ಬರೋದ್ರೊಳಗೆ ಏನ್ ಮಾಡ್ದೆ — ಏನ ಮಾಡ್ಲೆವಾ, ಉಡಿಸಿ ನೋಡಿದೆ ಅಷ್ಟ. ಉಡಿಸಿ ನೋಡುವುದು ಅಂದವಳು ಇವಳೇ ಅಲ್ಲವೇ ಬೆಳಿಗ್ಗೆ, ಅಮ್ಮ ಹೋಗಿ ವರ್ಷ ಆಗ್ತಾ ಬಂತು, ಅಮ್ಮನ ಹೊಲಿಗೆ ಬ್ಲಾಗು ತುಂಬ ಹಳೇದಾಗಿ ಕಾಣುತ್ತೆ, ವರ್ಷದ ಪೂಜೆ ಹೊತ್ತಿಗೆ ಹೊಸ ಥೀಮ್ ಹಾಕೋಣ, ಥೀಮ್ ಅಂದ್ರ ಏನವಾ, ಸೀರೆ ಇದ್ದಂಗೆ ಅಜ್ಜಿ, ಒಳಗಿನ ಬರಹ ಅದೇ, ಮೇಲಿನ ಉಡುಗೆ ಬೇರೆ. ಹಾಗೆಂದ ಮೇಲೆ ದೇವಕ್ಕನನ್ನು ಹಿಡಿಯುವವರು ಯಾರು, ಇಳಕಲ್ಲಿನಲ್ಲಿ ಗಾದಿಯ ಮೇಲೆ ಸಾವಿರ ಸೀರೆ ಬಿಚ್ಚಿಸಿ ಅಂಗಡಿಯವನ ಬೆವರಿಳಿಸಿ ಮೊದಲು ನೋಡಿದ್ದನ್ನೇ ಕೊಂಡುತಂದವಳು, ಇದು ಮದುವಿ ಪೆಂಡಾಲ್ ಆತು ತಗಿ, ಇದು ನಿಮ್ಮ ಪ್ರಿನ್ಸಿಪಾಲನ ಮಾರಿ, ಇದರಾಗ ಅಕ್ಷರ ಇರಿವಿ ಸಾಲು, ಸಕ್ರಿ ಚೆಲ್ಲಿದ್ರ ಎದ್ದು ಹೋಗ್ತಾವು — ಹುಡುಗಿ ನಕ್ಕಳು, ಈ ವರ್ಷದಲ್ಲೇ ಮೊದಲ ಸಲ ಹೊಟ್ಟೆ ಹಿಡಿದುಕೊಂಡು ನಕ್ಕಳು, ಆ ನಗುವಿನ ಆಸೆಗೇ, ಆಕೆ ಮೇಲೆ ಹತ್ತಿ ಬರುವುದರೊಳಗೆ ಇನ್ನೊಂದು ಉಡಿಸಿಡೋಣ ಎಂದು ಕೆಳಗಿನ ನೀಲಿ ಗುಂಡಿ ಒತ್ತಿದ್ದು, ಅದು ಏನನ್ನೋ ಕೇಳಿತು, ಅಕ್ಷರದಲ್ಲಿ ಕೇಳಿದರೆ ದೇವಕ್ಕ ಏನು ಹೇಳಬೇಕು, ಮತ್ತೊಮ್ಮೆ ಒತ್ತಿದಳು, ಬೇಡವಾದರೆ ಮಡಚಿಟ್ಟರಾಯಿತು, ಹಳೆಯದು ಗಾದಿಯ ಮೇಲೇ ಇರುತ್ತದೆ, ಯಾವ ಅಂಗಡಿಯಲ್ಲಿ ಇರುವುದಿಲ್ಲ.

ಇಲ್ಲ ಅಜ್ಜಿ, ಅಮ್ಮನ ಆ ಹಳೇ ಥೀಮನ್ನ ಬ್ಲಾಗಿನವರು ಯಾವತ್ತೋ ನಿಲ್ಲಿಸ್ಬಿಟ್ಟಿದಾರೆ, ಹಾಕ್ಕೊಂಡಿದ್ದವರಿಗೆ ಮಾತ್ರ ಇತ್ತು, ಒಂದ್ಸಲ ತೆಗೆದ್ರೆ ಮತ್ತೆ ಕೊಡಲ್ಲ, ಅಮ್ಮ ಮಾಡ್ಕೊಂಡಿದ್ದ ಬಣ್ಣಾನೂ ಅದರ ಜೊತೆ ಹೋಯ್ತು, ಆದ್ರೆ ಬರೆದಿದ್ದೆಲ್ಲ ಇದೆ, ಒಂದಕ್ಷರ ಹೋಗಿಲ್ಲ ನೋಡು. ನೋಡು ಅಂತೆ — ಮಗಳು ದಾನೇಶ್ವರಿ ಅಲ್ಲಿ ಬ್ಲೌಸಿನ ತೋಳು ಕತ್ತರಿಸುವ ಬಗೆ ಬರೆದಿದ್ದಳೋ ಅವ್ವನನ್ನೇ ಬೈದು ಬರೆದಿದ್ದಳೋ, ದೇವಕ್ಕನಿಗೆ ಗೊತ್ತಿದ್ದುದು ದಡಿ ಒಂದೇ, ತೆರೆದಾಗ ಎಡಗಡೆ ಕೆಂಪು ಇಳಿದರೆ ಮಗಳು, ಇಳಿಯದಿದ್ದರೆ ಊರ ಮಂದಿ. ಪೀಣ್ಯದ ಗಾರ್ಮೆಂಟ್ಸಿನಿಂದ ಬಂದು ಇದೇ ಕಿಟಕಿಯ ಕೆಳಗೆ ಕೂತು, ಅವ್ವಾ ನಿನ್ನ ಮದುವಿ ಸೀರಿ ತಾ, ದಡಿಯನ್ನು ಪರದೆಗೆ ಆನಿಸಿ ಹಿಡಿದು, ಇದಲ್ಲ, ಇನ್ನಾ ಸ್ವಲ್ಪ ಕಪ್ಪ, ಇದೂ ಅಲ್ಲ — ನೂರು ಕೆಂಪು ಕಲಸಿದಳು, ಲಕ್ಷ ಕಲಸಿದಳು, ಒಲೆಯ ಮೇಲಿನ ಹಾಲು ಉಕ್ಕಿ ಲಗ್ಗೆರೆಯ ತನಕ ಹರಿಯಿತು, ನಿನಗ ಗಂಡನ್ನೂ ಇಷ್ಟ ಹುಡುಕಿದ್ದಿಲ್ಲಲೇ ಎಂದರೆ ಹಲ್ಲು ಕಿರಿದು, ಬಂತವ್ವಾ ಬಂತು, ನೋಡು, ನೀನ ಕುಂತಂಗ ಐತಿ.

ಬಿಸಿಲು ಮತ್ತೆ ಕಣ್ಣು ಮುಚ್ಚುತ್ತದೆ, ರಕ್ಷಿತಾ ಬಿಳಿಯ ಎಡಕ್ಕೊಂದು ಕೆಂಪು ಪಟ್ಟಿ ಎಳೆಯುತ್ತಾಳೆ, ಇದಾ ಅಜ್ಜಿ, ಅದು ಕುಂಕುಮ, ಇದಾ, ಅದು ಸಿಟಿ ಬಸ್ಸು, ಇದು, ಅದು ಟೊಮೆಟೊ, ಅದೂ ಕೊಳೆತದ್ದು — ಹುಡುಗಿ ನಗಲಿಲ್ಲ, ಮೂಗು ಒರೆಸಿಕೊಂಡಳು, ಬಿಡು, ಸುಲಭ ಇದೆ, ಆ ಸೀರೆ ಕೊಡು, ಫೋನಲ್ಲಿ ಫೋಟೊ ಹೊಡೆದ್ರೆ ಅದೇ ಬಣ್ಣ ತೆಗೀಬಹುದು, ಟ್ರಂಕಲ್ಲಿದೆಯಾ. ಟ್ರಂಕಿನಲ್ಲಿ. ದೇವಕ್ಕ ಪರದೆಯ ಎಡ ಅಂಚನ್ನು ಹೆಬ್ಬೆರಳಿನಿಂದ ಒರೆಸುತ್ತಾಳೆ, ಮಣ್ಣು ಕೊಟ್ಟ ದಿನ ಹುಡುಗಿಯನ್ನು ಹಿಂದೆಯೇ ಹಿಡಿದುಕೊಂಡಿದ್ದರು, ನೋಡಿಲ್ಲ, ಹೊಸ ಸೀರಿ ತರ್ತೀವಿ ಬೇ ಎಂದು ಮಂದಿ ಅಂದರೂ ಕೇಳದೆ ತನ್ನ ಮದುವೆಯ ಸೀರೆ ತಾನೇ ತೆಗೆದುಕೊಟ್ಟದ್ದು, ತಾನೇ ನೆರಿಗೆ ಹಿಡಿದದ್ದು, ತಮ್ಮ ಪದ್ಧತಿಯಂತೆ ಮಗಳನ್ನು ಕೂರಿಸಿಯೇ ಇಳಿಸಿದರು ಕುಳಿಯಲ್ಲಿ, ಕುಂತಂಗ ಐತಿ, ಮಣ್ಣು ಮೊಣಕಾಲಿಗೆ ಬಂತು, ಎದೆಗೆ ಬಂತು, ಎಡ ಭುಜದ ಮೇಲೆ ಬೆರಳಗಲ ಉಳಿದಿತ್ತು, ಎಲ್ಲಿಟ್ಟಿದೀಯ ಅಜ್ಜಿ, ಇನ್ನೊಂದು ಹಿಡಿ ಬಿತ್ತು, ಎಲ್ಲಿ, ಇಷ್ಟೇ ಇಷ್ಟು, ಎಡಗಡೆ, ಕೆಂಪು, ಮಣ್ಣಿನ ಅಂಚಿನಲ್ಲಿ ಕೆಂಪು ದಡಿ —